ಎಲೆ ಕರಗಿತು, ಗಿಡ ಸತ್ತಿಲ್ಲ

ಪೇಟೆಯಿಂದ ತಂದ ಕ್ರಿಪ್ಟೋಕೊರೈನ್ ಗಿಡವನ್ನು ಶಾಲೆಯ ಅಕ್ವೇರಿಯಂನಲ್ಲಿ ನೆಟ್ಟು ಐದು ದಿನ ಆಗಿತ್ತು. ಹಸಿರು ಎಲೆಗಳೆಲ್ಲ ಮುಟ್ಟಿದರೆ ಕೈಗೆ ಅಂಟುವ ಲೋಳೆ ಆಗಿಬಿಟ್ಟವು. "ಸತ್ತು ಹೋಯ್ತ್ರಿ ಸರ್" ಅಂದ್ರು ಹುಡುಗರು. ನಾನೂ ಹೌದು ಅಂದುಕೊಂಡು ಕಿತ್ತು ಎಸೆದೆ. ಎಸೆದ ಮೇಲೆ ಬೇರು ಕಣ್ಣಿಗೆ ಬಿತ್ತು. ಬೆಳ್ಳಗೆ, ಗಟ್ಟಿಯಾಗಿ, ಜೀವಂತವಾಗಿತ್ತು! ಈ ತಪ್ಪು ನೀವು ಮಾಡಬೇಡ್ರಿ.

ಯಾಕೆ ಹೀಗಾಗುತ್ತದೆ? ಅಂಗಡಿಗೆ ಬರುವ ಇಂಥ ಎಷ್ಟೋ ಗಿಡಗಳನ್ನು ನರ್ಸರಿಯಲ್ಲಿ ನೀರಿನ ಒಳಗೆ ಬೆಳೆಸುವುದಿಲ್ಲ. ಬೇರು ಮಾತ್ರ ಒದ್ದೆ, ಎಲೆ ತೇವದ ಗಾಳಿಯಲ್ಲಿ. ಗಾಳಿಯ ಎಲೆಗೆ ಮೇಲೆ ಮೇಣದ ಪದರ ಇರುತ್ತದೆ, ಉಸಿರಾಡಲು ಪತ್ರರಂಧ್ರಗಳಿರುತ್ತವೆ. ನೀರಿನಲ್ಲಿ ಮುಳುಗಿದರೆ ಇವೆರಡೂ ಉಪಯೋಗಕ್ಕೆ ಬರುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಅದನ್ನು ಹೀರಲು ತೆಳ್ಳನೆಯ, ಮೇಣವಿಲ್ಲದ ಎಲೆಯೇ ಬೇಕು. ಹಳೆಯ ಎಲೆ ಹಾಗೆ ಬದಲಾಗಲಾರದು. ಅದಕ್ಕೇ ಗಿಡ ಅದರಲ್ಲಿರುವ ಸತ್ವವನ್ನು ಎಳೆದುಕೊಂಡು ಹೊಸ ಎಲೆ ಕಟ್ಟಲು ತೊಡಗುತ್ತದೆ.

ಕ್ರಿಪ್ಟೋಕೊರೈನ್ ನಮ್ಮ ಕೆಸವಿನ ಕುಟುಂಬದ್ದು. ಮಣ್ಣಿನೊಳಗೆ ಅದಕ್ಕೊಂದು ಕಾಂಡ, ಅಲ್ಲೇ ಆಹಾರದ ಸಂಗ್ರಹ. ಇದರ ಒಂದು ಜಾತಿ, ಕ್ರಿಪ್ಟೋಕೊರೈನ್ ರೆಟ್ರೋಸ್ಪೈರಾಲಿಸ್, ಪಶ್ಚಿಮ ಘಟ್ಟದ ಹೊಳೆಗಳಲ್ಲಿ ತಾನಾಗಿಯೇ ಬೆಳೆಯುತ್ತದೆ. ಮಳೆಗಾಲದಲ್ಲಿ ಮುಳುಗುತ್ತದೆ, ಹೊಳೆ ಇಳಿದಾಗ ಗಾಳಿಗೆ ಬರುತ್ತದೆ. ಎಲೆ ಬದಲಿಸುವುದು ಈ ಗಿಡಗಳಿಗೆ ಹೊಸದೇನಲ್ಲ.

ನಮ್ಮ ಕಡೆ ಇನ್ನೊಂದು ಸಂಗತಿ ಅದ. ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಸುಣ್ಣದ ಕಲ್ಲು. ಅಂಥ ಕಲ್ಲಿನ ನಡುವೆ ಹಾಯ್ದು ಬಂದ ಬೋರ್ ನೀರು ಗಡಸು. ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಸುಣ್ಣ. ಜಹೀರಾಬಾದ್ ಕಡೆ ಕೆಂಪು ಜಂಬಿಟ್ಟಿಗೆ ಕಲ್ಲು, ಅಲ್ಲಿಯ ನೀರಿನ ಗುಣ ಬೇರೆ. ಆದ್ದರಿಂದ ಗೆಳೆಯನ ತೊಟ್ಟಿಯಲ್ಲಿ ಚೆನ್ನಾಗಿದ್ದ ಗಿಡ ನಿಮ್ಮ ತೊಟ್ಟಿಗೆ ಬಂದ ಕೂಡಲೇ ಮುನಿಸಿಕೊಂಡರೆ ಆಶ್ಚರ್ಯ ಇಲ್ಲ. ನೀರು, ಬೆಳಕು, ಬಿಸಿ ಎಲ್ಲವೂ ಒಮ್ಮೆಲೇ ಬದಲಾಗಿರುತ್ತವೆ. ಮೆಣಸಿನ ಅಗಿ ಹಚ್ಚಿದ ಮೇಲೆ ಕೆಲವು ದಿನ ಬಾಡಿ ಮಲಗುತ್ತದೆ. ಯಾವ ರೈತನೂ ಮರುದಿನ ಅದನ್ನು ಕಿತ್ತು ನೋಡುವುದಿಲ್ಲ.

ಹಾಗಂತ ಸುಮ್ಮನೆ ಕೂಡುವುದೂ ಸರಿಯಲ್ಲ. ಕೊಳೆತ ಎಲೆಯಿಂದ ಅಮೋನಿಯಾ ಹುಟ್ಟಿ ಮೀನಿಗೆ ತೊಂದರೆ ಆಗುತ್ತದೆ. ಅಂಥ ಎಲೆಯನ್ನು ಬುಡದ ಹತ್ತಿರ ಕತ್ತರಿಸಿ ತೆಗೆಯಿರಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಬಾಯಿ ತೆರೆದ ಬಕೆಟ್ಟಿನಲ್ಲಿಡಿ. ದಿನಕ್ಕೆ ಆರರಿಂದ ಎಂಟು ತಾಸು ಬೆಳಕು ಸಾಕು, ಕಿಟಕಿಯ ನೇರ ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ. ಗಿಡವನ್ನು ಅಲ್ಲಿಂದ ಇಲ್ಲಿಗೆ ಕಿತ್ತು ನೆಡುವುದಂತೂ ಬೇಡವೇ ಬೇಡ. ಪ್ರತಿ ಸಲ ಅದಕ್ಕೆ ಹೊಸ ಊರು!

ಸತ್ತಿದೆಯೋ ಬದುಕಿದೆಯೋ ಅನುಮಾನ ಬಂದರೆ ಬುಡವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡ್ರಿ. ಗಟ್ಟಿಯಾಗಿದ್ದರೆ ಬಿಡಿ, ಬದುಕಿದೆ. ಮೆತ್ತಗಾಗಿ ಕೆಟ್ಟ ವಾಸನೆ ಬಂದರೆ ಮಾತ್ರ ತೆಗೆಯಿರಿ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಸುಳಿಯಿಂದ ಸಣ್ಣ ಎಲೆ ಹೊರಡುತ್ತದೆ, ಹಳೆಯದಕ್ಕಿಂತ ತೆಳ್ಳಗೆ, ಕೆಲವು ಸಲ ಬಣ್ಣವೂ ಬೇರೆ. ಪ್ರತಿ ಶನಿವಾರ ಅದರ ಚಿತ್ರ ಬರೆದು, ಉದ್ದ ಅಳೆದು ವಹಿಯಲ್ಲಿಡಿ. ಎರಡನೇ ಸಲ ತಂದ ಗಿಡಕ್ಕೆ ನಮ್ಮ ಹುಡುಗರು ಹೀಗೇ ಮಾಡಿದರು. ಮೊದಲ ಎಲೆ ಕಾಣಿಸಿದ್ದು ಹತ್ತೊಂಬತ್ತನೇ ದಿನ, ಅಕ್ಕಿ ಕಾಳಿನಷ್ಟು.