ಇಲ್ಲದ ಕಾರ್ಡಿಗೆ ಡ್ರೈವರ್ ಬರೆಯೋಣ ಬನ್ನಿ

ಹೊಸ ಪ್ರಿಂಟರ್ ಮನೆಗೆ ಬಂತು. ವೈರ್ ಚುಚ್ಚಿದ್ದಾಯ್ತು, ಕಾಗದ ಇಟ್ಟಿದ್ದಾಯ್ತು. ಆದರೂ ಕಂಪ್ಯೂಟರ್ 'ಡ್ರೈವರ್ ಇಲ್ಲ' ಅಂತ ಹಟ ಹಿಡಿದು ಕೂತಿದೆ. ಈ ಅನುಭವ ಬಹುತೇಕ ಎಲ್ಲರಿಗೂ ಆಗಿರುತ್ತೆ. ಯಂತ್ರಕ್ಕೂ ಆಪರೇಟಿಂಗ್ ಸಿಸ್ಟಮ್‌ಗೂ ಮಧ್ಯೆ ನಿಂತು ಮಾತು ದಾಟಿಸುವ ದುಭಾಷಿಯೇ ಡ್ರೈವರ್. ಅದನ್ನು ಬರೆಯುವವರು ಬೇರೆ ಲೋಕದವರೇನಲ್ಲ. ಟೆಸ್ಟಿಂಗ್‌ನಲ್ಲೋ ವೆಬ್‌ಸೈಟ್ ಕೆಲಸದಲ್ಲೋ ನಾಲ್ಕೈದು ವರ್ಷ ಕಳೆದು, 'ಇನ್ನು ಸ್ವಲ್ಪ ಆಳಕ್ಕೆ ಇಳಿಯೋಣ' ಅಂದುಕೊಂಡಿರುವ ನಿಮ್ಮಂಥವರೂ ಇದನ್ನು ಕಲಿಯಬಹುದು.

ಆದರೆ ಕಲಿಯೋದು ಯಾವುದರ ಮೇಲೆ? ತೊಡಕು ಶುರುವಾಗೋದೇ ಇಲ್ಲಿ.

ಪುಸ್ತಕ ಇದೆ, ಯಂತ್ರ ಇಲ್ಲ

ಲಿನಕ್ಸ್ ಡ್ರೈವರ್ ಕಲಿಯುವವರ ಕೈಗೆ ಮೊದಲು ಸಿಗೋದು 'ಲಿನಕ್ಸ್ ಡಿವೈಸ್ ಡ್ರೈವರ್ಸ್' ಪುಸ್ತಕ. ಅದರ ಮೂರನೇ ಆವೃತ್ತಿ ಬಂದದ್ದು 2005ರಲ್ಲಿ, ಇಂಟರ್‌ನೆಟ್‌ನಲ್ಲಿ ಉಚಿತವಾಗಿಯೇ ಸಿಗುತ್ತೆ. ಅದರಲ್ಲಿನ 'ಸ್ಕಲ್' ಎಂಬ ಉದಾಹರಣೆ ಬರೀ ಮೆಮೊರಿಯ ತುಂಡೊಂದನ್ನು ಯಂತ್ರದಂತೆ ಬಳಸುತ್ತೆ. ನಿಜವಾದ ಹಾರ್ಡ್‌ವೇರ್ ಜೊತೆ ಮಾತಾಡುವ 'ಶಾರ್ಟ್' ಎಂಬ ಉದಾಹರಣೆಗೆ ಪ್ಯಾರಲಲ್ ಪೋರ್ಟ್ ಬೇಕು. ಇವತ್ತಿನ ಯಾವ ಲ್ಯಾಪ್‌ಟಾಪ್‌ನಲ್ಲಿದೆ ಅದು?

ಇನ್ನೊಂದು ಭಯವೂ ಇದೆ. ಸಾಮಾನ್ಯ ಪ್ರೋಗ್ರಾಂ ತಪ್ಪಿದರೆ ಅದೊಂದೇ ನಿಲ್ಲುತ್ತೆ. ಡ್ರೈವರ್ ಕೆಲಸ ಮಾಡೋದು ಕರ್ನಲ್ ಒಳಗೆ. ಅಲ್ಲಿ ಒಂದು ಪಾಯಿಂಟರ್ ದಾರಿ ತಪ್ಪಿದರೆ ಇಡೀ ಯಂತ್ರವೇ ನಿಂತುಹೋಗಬಹುದು. ಮನೇಲಿರೋದು ಒಂದೇ ಲ್ಯಾಪ್‌ಟಾಪ್, ಅದರಲ್ಲೇ ಆಫೀಸ್ ಕೆಲಸ, ಅದರಲ್ಲೇ ಮಗುವಿನ ಪ್ರಾಜೆಕ್ಟ್ ಅಂದಮೇಲೆ ಯಾರಿಗೆ ತಾನೆ ಧೈರ್ಯ ಬರುತ್ತೆ?

ಮೊದಲು ಮರದ ಅಂಬಾರಿ

ಮೈಸೂರು ದಸರಾ ಆನೆಗಳ ತಾಲೀಮು ನೋಡಿದ್ದೀರಲ್ಲ. ಮೊದಲು ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ. 750 ಕೆ.ಜಿ.ಯ ಚಿನ್ನದ ಅಂಬಾರಿ ಬೆನ್ನೇರುವುದು ವಿಜಯದಶಮಿಯ ದಿನ. ಡ್ರೈವರ್ ಕಲಿಕೆಗೂ ಅಂಥದೊಂದು ಮರದ ಅಂಬಾರಿ ಇದೆ. ಅದರ ಹೆಸರು 'ಎಡು'.

ಫ್ರಾನ್ಸ್‌ನ ಫ್ಯಾಬ್ರಿಸ್ ಬೆಲ್ಲಾರ್ಡ್ 2003ರಲ್ಲಿ ಶುರುಮಾಡಿದ 'ಕ್ಯೂಎಮು' ಎಂಬ ಉಚಿತ ತಂತ್ರಾಂಶ, ನಿಮ್ಮ ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರನ್ನು ಅನುಕರಿಸಿ ತೋರಿಸುತ್ತೆ. ಅದಕ್ಕೆ ಯಿರಿ ಸ್ಲಾಬಿ ಎಂಬ ಕರ್ನಲ್ ತಜ್ಞರು 2014-15ರ ಹೊತ್ತಿಗೆ ಒಂದು ಪುಟ್ಟ ಪಿಸಿಐ ಕಾರ್ಡ್ ಸೇರಿಸಿದರು. ಜೆಕ್ ದೇಶದ ಮಸಾರಿಕ್ ವಿಶ್ವವಿದ್ಯಾಲಯದ ಲಿನಕ್ಸ್ ಕರ್ನಲ್ ತರಗತಿಗಾಗಿ ಮಾಡಿದ್ದು ಅದು. ಅಂಗಡಿಯಲ್ಲಿ ಸಿಗದ, ಕೈಯಲ್ಲಿ ಮುಟ್ಟಲಾಗದ ಈ ಕಾರ್ಡಿಗೆ ವಿದ್ಯಾರ್ಥಿಗಳು ಡ್ರೈವರ್ ಬರೆಯಬೇಕು. ಕ್ಯೂಎಮು ಶುರುಮಾಡುವಾಗ 'ಡಿವೈಸ್ ಎಡು' ಅಂತ ಒಂದು ಆಯ್ಕೆ ಕೊಟ್ಟರೆ ಸಾಕು, ಒಳಗಿನ ಲಿನಕ್ಸ್‌ಗೆ ನಿಜವಾದ ಕಾರ್ಡೇ ಕಾಣಿಸುತ್ತೆ.

ನಾಲ್ಕು ಮೆಟ್ಟಿಲು

ಮೊದಲ ಮೆಟ್ಟಿಲು ಗುರುತು. ಡ್ರೈವರ್ ಕಾರ್ಡನ್ನು ಹುಡುಕಿ, ಅದರ ರಿಜಿಸ್ಟರ್‌ಗಳನ್ನು ತನ್ನ ವಿಳಾಸಕ್ಕೆ ಜೋಡಿಸಿಕೊಂಡು, ಮೊದಲ ರಿಜಿಸ್ಟರ್ ಓದಬೇಕು. ಅಲ್ಲೊಂದು ತಮಾಷೆಯೂ ಇದೆ. ಆ ಸಂಖ್ಯೆಯ ಕೊನೆಯ ಎರಡು ಹೆಕ್ಸಾಡೆಸಿಮಲ್ ಅಂಕಿಗಳು ಇ ಮತ್ತು ಡಿ. ಸಿ ಭಾಷೆಯಲ್ಲಿ ಮೈನಸ್ ಇಲ್ಲದ ಸಂಖ್ಯೆಯ ಬಾಲಕ್ಕೆ ಯು ಹಾಕುತ್ತಾರೆ. ಮೂರೂ ಸೇರಿದರೆ 'ಎಡು'! ಪಕ್ಕದ ಇನ್ನೊಂದು ರಿಜಿಸ್ಟರ್‌ಗೆ ಏನೇ ಬರೆದರೂ ಬಿಟ್‌ಗಳು ತಲೆಕೆಳಗಾಗಿ ವಾಪಸ್ ಬರುತ್ತವೆ. ಕಾರ್ಡ್ ಜೀವಂತವಾಗಿದೆ ಅನ್ನೋದಕ್ಕೆ ಅದೇ ಸಾಕ್ಷಿ.

ಎರಡನೆಯದು ಕಾಯುವುದು. ಒಂದು ಸಂಖ್ಯೆ ಕೊಟ್ಟರೆ ಎಡು ಅದರ ಫ್ಯಾಕ್ಟೋರಿಯಲ್ ಲೆಕ್ಕ ಹಾಕುತ್ತೆ. ಲೆಕ್ಕ ನಡೆಯುವಷ್ಟು ಹೊತ್ತು 'ಕೆಲಸದಲ್ಲಿದ್ದೇನೆ' ಎಂಬ ಬಿಟ್ ಹೊತ್ತಿರುತ್ತೆ. ಅದು ಆರುವ ತನಕ ಡ್ರೈವರ್ ಕಾಯಬೇಕು. 12 ಕೊಟ್ಟರೆ 47,90,01,600 ಬರುತ್ತೆ. 13 ಕೊಟ್ಟು ನೋಡಿ, ಉತ್ತರ ತಪ್ಪು! ಸರಿಯಾದ ಉತ್ತರ 622 ಕೋಟಿ ದಾಟುತ್ತೆ, 32 ಬಿಟ್‌ನ ಡಬ್ಬಿಯಲ್ಲಿ ಹಿಡಿಯೋದು 429 ಕೋಟಿ ಚಿಲ್ಲರೆ ಮಾತ್ರ.

ಮೂರನೆಯದು ಇಂಟರಪ್ಟ್. ಪದೇಪದೇ 'ಆಯ್ತಾ, ಆಯ್ತಾ' ಅಂತ ಕೇಳೋ ಬದಲು, ಮುಗಿದಾಗ ಕಾರ್ಡೇ ಕರೆಯಲಿ ಅಂತ ಹೇಳಬಹುದು. ಕರೆ ಬಂದ ಮೇಲೆ 'ಕೇಳಿಸ್ತು' ಅಂತ ಕಾರ್ಡಿಗೆ ತಿರುಗಿ ಬರೆಯಲೇಬೇಕು. ಹಳೆಯ ಬಗೆಯ ಇಂಟರಪ್ಟ್ ಲೈನ್‌ನಲ್ಲಿ ಅದನ್ನು ಮರೆತರೆ ಅದೇ ಕರೆ ಬಿಡದೆ ಬರ್ತಾ ಇರುತ್ತೆ, ಒಳಗಿನ ಲಿನಕ್ಸ್ ಉಸಿರುಗಟ್ಟಿ ಕೂರುತ್ತೆ.

ನಾಲ್ಕನೆಯದು ಡಿಎಂಎ. ಪ್ರೊಸೆಸರ್ ಒಂದೊಂದೇ ಬೈಟ್ ಹೊರುವ ಬದಲು, ಕಾರ್ಡ್ ತಾನೇ ಮೆಮೊರಿಗೆ ಕೈಹಾಕಿ ಮಾಹಿತಿ ಸಾಗಿಸುವ ವಿಧಾನ. ಎಡು ಒಳಗಿರುವ ಬಫರ್ 4096 ಬೈಟ್‌ನದು. ಅದಕ್ಕೆ ಎಟುಕುವ ವಿಳಾಸವೂ ಸಹಜವಾಗಿ 28 ಬಿಟ್, ಅಂದರೆ 256 ಎಂಬಿ ಒಳಗೆ ಮಾತ್ರ. ಈ ಮಿತಿಯನ್ನು ಡ್ರೈವರ್ ಮೊದಲೇ ಕರ್ನಲ್‌ಗೆ ತಿಳಿಸಬೇಕು. ನಿಜವಾದ ಎಷ್ಟೋ ಕಾರ್ಡ್‌ಗಳಿಗೂ ಇಂಥ ಮಿತಿಗಳಿರುತ್ತವೆ.

ಎರಡೂ ಕಡೆ ಕಾಣುತ್ತೆ

ಎಡುವಿನ ದೊಡ್ಡ ಉಪಕಾರ ಇನ್ನೊಂದಿದೆ. ನಿಜವಾದ ಚಿಪ್ ಕೈಕೊಟ್ಟರೆ ತಪ್ಪು ನಮ್ಮದೋ ಚಿಪ್‌ನದೋ ಅಂತ ತಲೆ ಕೆರೆದುಕೊಳ್ಳಬೇಕು, ಡೇಟಾಶೀಟ್ ಹೇಳಿದ್ದನ್ನು ನಂಬಬೇಕು. ಇಲ್ಲಿ ಇಡೀ ಕಾರ್ಡೇ ಐನೂರು ಸಾಲಿಗೂ ಕಡಿಮೆಯ ಒಂದು ಸಿ ಫೈಲು. ತೆಗೆದು ಓದಬಹುದು. ಕ್ಯೂಎಮುವನ್ನು ನೀವೇ ಕಂಪೈಲ್ ಮಾಡಿಕೊಂಡರೆ ಅದಕ್ಕೆ ನಿಮ್ಮದೇ ಒಂದು ರಿಜಿಸ್ಟರ್ ಸೇರಿಸಬಹುದು. ಡಿಬಗರ್ ಜೋಡಿಸಿ ಒಳಗಿನ ಕರ್ನಲ್‌ನ ಓಟವನ್ನೇ ನಡುವೆ ನಿಲ್ಲಿಸಿ ನೋಡಬಹುದು. ಒಳಗಿನ ಲಿನಕ್ಸ್ ಕುಸಿದುಬಿದ್ದರೆ ಮುಚ್ಚಿ ಮತ್ತೆ ತೆರೆದರಾಯ್ತು, ಆಫೀಸ್ ಫೈಲುಗಳು ಇದ್ದಲ್ಲೇ ಇರುತ್ತವೆ.

ಇಷ್ಟೇ ಸಾಕಾ?

ಸಾಕಾಗಲ್ಲ. ಸಡಿಲವಾದ ವೈರು, ಬಿಸಿಯಾದ ಚಿಪ್ಪು, ಮೈಕ್ರೋಸೆಕೆಂಡ್ ತಡವಾದರೂ ಮುನಿಸಿಕೊಳ್ಳುವ ಸೆನ್ಸರ್, ಇವನ್ನೆಲ್ಲ ಎಡು ಕಲಿಸೋದಿಲ್ಲ. ಅದಕ್ಕೆ ಒಂದು ದಿನ ಬೋರ್ಡ್ ಕೊಳ್ಳಲೇಬೇಕು. ಆದರೆ ಅಷ್ಟರಲ್ಲಿ ರಿಜಿಸ್ಟರ್, ಇಂಟರಪ್ಟ್, ಡಿಎಂಎ ಮೂರೂ ಕೈಗೆ ಪಳಗಿರುತ್ತವೆ. ಬೋರ್ಡ್ ಸುಮ್ಮನಾದಾಗ ಎಲ್ಲಿ ಹುಡುಕಬೇಕು ಅನ್ನೋದಾದರೂ ಗೊತ್ತಿರುತ್ತೆ. ಇಂಟರ್‌ವ್ಯೂನಲ್ಲಿ 'ಇಂಟರಪ್ಟ್ ಬಂದಾಗ ಏನು ಮಾಡ್ತೀರಿ?' ಅಂತ ಕೇಳಿದರೆ, ಬಾಯಿಪಾಠ ಒಪ್ಪಿಸುವವರಿಗೂ ಮಾಡಿ ನೋಡಿದವರಿಗೂ ಇರುವ ವ್ಯತ್ಯಾಸ ಎರಡೇ ಮಾತಿನಲ್ಲಿ ಗೊತ್ತಾಗಿಬಿಡುತ್ತೆ.

ಬೇಕಾದ್ದು ಇಷ್ಟೇ: ಸಿ ಭಾಷೆಯ ಪಾಯಿಂಟರ್‌ಗಳ ಪರಿಚಯ, ಕ್ಯೂಎಮು, ಅದರೊಳಗೆ ಒಂದು ಲಿನಕ್ಸ್, ಆ ಲಿನಕ್ಸ್‌ನ ಕರ್ನಲ್ ಹೆಡರ್ ಪ್ಯಾಕೇಜ್. ವಾರಾಂತ್ಯಕ್ಕೊಂದು ಮೆಟ್ಟಿಲು ಅಂತ ಇಟ್ಟುಕೊಳ್ಳಿ. ಮೊದಲ ಶನಿವಾರ ಗುರುತಿನ ಸಂಖ್ಯೆ ಓದಿದರೆ ಸಾಕು, ಡಿಎಂಎ ಗೊಡವೆಗೆ ಆಗಲೇ ಹೋಗಬೇಡಿ. ಪರದೆಯ ಮೇಲೆ ಆ ಇ ಮತ್ತು ಡಿ ಮೂಡಿದರೆ, ನಿಮ್ಮ ಮೊದಲ ಡ್ರೈವರ್ ಕಾರ್ಡಿನ ಜೊತೆ ಮಾತಾಡಿತು ಅಂತಲೇ ಲೆಕ್ಕ.