ನಂಜುಂಡೇಶ್ವರನ ಹೆಸರಿಗೆ ಯಾವ ಮೆರುಗು?

ನಂಜುಂಡೇಶ್ವರನೆಂದೂ ಕರೆಯುವ ನಂಜನಗೂಡಿನ ಶ್ರೀಕಂಠೇಶ್ವರನ ದೇವಸ್ಥಾನಕ್ಕೆ ಹೊಸ ಗಾಡಿಗಳು ಪೂಜೆಗೆ ಬರುವುದು ಈ ಭಾಗದವರಿಗೆ ಹೊಸತಲ್ಲ. ಬಾನೆಟ್ಟಿನ ಮೇಲೆ ವಿಭೂತಿಯ ಮೂರು ಗೆರೆ, ಅದರ ಮೇಲೆ ಅರಿಸಿನ, ಕುಂಕುಮ, ಹಾರ. ಚಕ್ರದಡಿ ನಿಂಬೆಹಣ್ಣು. ಆಮೇಲೆ ಕರ್ಪೂರದಾರತಿ. ಶೋರೂಮಿನಿಂದ ಹೊರಟ ಗಾಡಿ ಒಂದು ಗಂಟೆಯೊಳಗೆ ಆಮ್ಲ, ಕ್ಷಾರ, ಎಣ್ಣೆ, ಬೂದಿ, ಬೆಂಕಿ ಎಲ್ಲವನ್ನೂ ಕಂಡಿರುತ್ತದೆ. ಹೀಗಾಗಿ ಗಾಡಿಗೆ ಲೋಹದ ಹೆಸರು ಮಾಡಿಸುವವರು ಅದರ ಮೆರುಗನ್ನು ಆರಿಸುವಾಗ ಪೂಜೆಯ ತಟ್ಟೆಯನ್ನು ಮರೆಯಬಾರದು.

ಇಲ್ಲಿ ಗಾಡಿಗೆ ಹೆಸರಿಡುವುದು ಹಳೆಯ ಪ್ರೀತಿ. ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ಟ್ರ್ಯಾಕ್ಟರಿನ ಮೇಲೆ, ತಿ. ನರಸೀಪುರದ ಗದ್ದೆ ಬಯಲಿನಿಂದ ಭತ್ತ ತರುವ ಗೂಡ್ಸ್ ಆಟೋದ ಮೇಲೆ ಮನೆದೇವರ ಹೆಸರಿರುತ್ತದೆ, ಇಲ್ಲವೇ ಮಕ್ಕಳ ಹೆಸರು. ಮೊದಲು ಅದನ್ನು ಪೇಂಟರು ಕುಂಚದಲ್ಲಿ ಬರೆಯುತ್ತಿದ್ದರು. ಆಮೇಲೆ ರೇಡಿಯಂ ಅಂಗಡಿಗಳು ಬಂದವು, ಕಂಪ್ಯೂಟರ್ ಕಟಿಂಗ್ ಬಂತು. ಈಗ ಕಾರು ಕೊಂಡವರು ಕಂಪನಿಯ ಬ್ಯಾಡ್ಜಿನಂತೆಯೇ ಉಬ್ಬಿ ನಿಲ್ಲುವ ಅಕ್ಷರ ಕೇಳುತ್ತಾರೆ. ಲೇಸರ್‌ನಲ್ಲಿ ಕತ್ತರಿಸಿದ ಸ್ಟೀಲ್, ಹಿತ್ತಾಳೆ, ಅಲ್ಯೂಮಿನಿಯಂ, ಎಬಿಎಸ್ ಪ್ಲಾಸ್ಟಿಕ್, ಅಕ್ರಿಲಿಕ್ ಎಲ್ಲವೂ ಸಿಗುತ್ತವೆ. ಮಾಡುವವರು ಕೊನೆಗೆ ಕೇಳುವ ಪ್ರಶ್ನೆ ಒಂದೇ: ಯಾವ ಫಿನಿಶಿಂಗ್?

ಬಹುತೇಕರ ಉತ್ತರ ಕ್ರೋಮ್. ಕನ್ನಡಿಯಂಥ ಹೊಳಪು ಕ್ರೋಮಿಯಂನದೇ ಎಂದು ನಾವು ತಿಳಿದಿರುತ್ತೇವೆ. ಅಸಲಿಗೆ ಅಲಂಕಾರದ ಕ್ರೋಮಿಯಂ ಪದರ ಸಾಮಾನ್ಯವಾಗಿ ಅರ್ಧ ಮೈಕ್ರಾನಿಗೂ ತೆಳು, ತಲೆಗೂದಲಿನ ದಪ್ಪದ ನೂರರಲ್ಲೊಂದು ಪಾಲೂ ಇರದು. ಹೊಳಪಿನ ಬಹುಪಾಲು ಅದರ ಕೆಳಗಿರುವ ನಿಕ್ಕಲ್‌ನದು. ನಿಕ್ಕಲ್‌ನ ಕೆಳಗೆ ಹಲವು ಸಲ ತಾಮ್ರ ಇರುತ್ತದೆ, ತಾಮ್ರದ ಕೆಳಗೆ ಬಫಿಂಗ್ ಮಾಡಿ ನುಣುಪಾಗಿಸಿದ ಮೂಲ ಲೋಹ. ಬಫಿಂಗ್‌ನಲ್ಲಿ ಉಳಿದ ಒಂದು ಗೀರು ಮೇಲಿನ ಎಲ್ಲ ಪದರಗಳನ್ನೂ ದಾಟಿ ಕಾಣುತ್ತದೆ. ಕ್ರೋಮಿಯಂನ ಕೆಲಸ ನಿಕ್ಕಲ್ ಮಂಕಾಗದಂತೆ ಕಾಯುವುದು, ಗೀರು ತಡೆಯುವುದು, ಸ್ವಲ್ಪ ನೀಲಿ ಛಾಯೆ ಕೊಡುವುದು. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದದ್ದು ಕ್ರೋಮ್ ಎಷ್ಟು ಹೊಳೆಯುತ್ತದೆ ಎಂದಲ್ಲ, ಕೆಳಗೆ ನಿಕ್ಕಲ್ ಎಷ್ಟು ಮೈಕ್ರಾನ್ ಇದೆ ಎಂದು. ಹತ್ತಕ್ಕಿಂತ ಕಡಿಮೆಯಿದ್ದರೆ ಮಳೆಗಾಲದಲ್ಲಿ ಸೂಜಿಮೊನೆಯಷ್ಟು ರಂಧ್ರಗಳಿಂದ ತುಕ್ಕು ಹೊರಬರುವ ಸಂಭವ ಹೆಚ್ಚು.

ಇದರ ಪಾಠ ಮೈಸೂರಿನಲ್ಲೇ ಇದೆ. 1960ರಲ್ಲಿ ಹುಟ್ಟಿ, 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಬೈಕುಗಳನ್ನು ಈಗಲೂ ಮಕ್ಕಳಂತೆ ಸಾಕುವವರು ಇದ್ದಾರೆ. ಹಳೆಯ ಜಾವಾದ ಟ್ಯಾಂಕಿನ ಬದಿಯ ಕ್ರೋಮ್ ಕಾಪಾಡುವುದೇ ಅವರಿಗೆ ದೊಡ್ಡ ಕೆಲಸ. ಮರು ಲೇಪನ ಮಾಡಿಸುವಾಗ ಅವರು ಹಣಕ್ಕಿಂತ ಹೆಚ್ಚಾಗಿ ಬಫಿಂಗ್ ಮಾಡುವ ಕೈಯ ಬಗ್ಗೆ ಚಿಂತಿಸುತ್ತಾರೆ. ಜಾಸ್ತಿ ಉಜ್ಜಿದರೆ ಅಕ್ಷರದ ಅಂಚು ಸವೆಯುತ್ತದೆ, ಕಮ್ಮಿ ಉಜ್ಜಿದರೆ ಹಳೆಯ ಗುಳಿ ಉಳಿಯುತ್ತದೆ. ಆ ಹದವನ್ನು ಯಾವ ಯಂತ್ರವೂ ಕಲಿಸದು. ಅಂಥ ಕೆಲಸಗಾರನಿಗೆ ನಾವು ಕೊಡುವ ಕೂಲಿ ತೀರಾ ಕಡಿಮೆ ಎಂದೇ ನನ್ನ ನಂಬಿಕೆ. ಹಳೆಯ ವಿಧಾನದ ಕ್ರೋಮ್ ತೊಟ್ಟಿಯಲ್ಲಿರುವ ಷಡ್ವೇಲೆನ್ಸಿ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಅದರ ಹಬೆಯನ್ನು ಉಸಿರಾಡುವವನು ಅವನೇ, ಸಂಸ್ಕರಿಸದೆ ಬಿಟ್ಟ ನೀರು ಸೇರುವುದು ನಮ್ಮ ಹೊಳೆಗಳನ್ನೇ. ತ್ರಿವೇಲೆನ್ಸಿ ಕ್ರೋಮಿಯಂನ ವಿಧಾನ ಇದಕ್ಕಿಂತ ಎಷ್ಟೋ ಸುರಕ್ಷಿತ. ಬಣ್ಣ ಕೊಂಚ ಮಸುಕಾಗಿ ಬರಬಹುದು, ಆದರೂ ಸಿಗುವ ಕಡೆ ಅದನ್ನೇ ಕೇಳಿ.

ಇನ್ನು ಚಿನ್ನದ ಬಣ್ಣ. ಶ್ರೀಕಂಠೇಶ್ವರ ದೇವಸ್ಥಾನದ ಸುಮಾರು 120 ಅಡಿ ಎತ್ತರದ ಗೋಪುರದ ಮೇಲೆ ಚಿನ್ನಲೇಪಿತ ಕಳಶಗಳು ಬಿಸಿಲು ಮಳೆಗೆ ಒಡ್ಡಿಕೊಂಡು ನಿಂತಿವೆ. ಅವನ್ನು ನೋಡಿ ನಮ್ಮ ಕಾರಿನ ಹೆಸರೂ ಹಾಗೇ ಬಾಳಲಿ ಎಂದು ಆಸೆಪಡುವುದು ಸಹಜ. ಆದರೆ ಕಳಶವನ್ನು ದಿನವೂ ಯಾರೂ ಬಟ್ಟೆಯಿಂದ ಉಜ್ಜುವುದಿಲ್ಲ. ಕಾರಿನ ಅಕ್ಷರವನ್ನು ಉಜ್ಜುತ್ತಾರೆ. ತೆಳ್ಳನೆಯ ಚಿನ್ನದ ಮುಲಾಮು ಅದಕ್ಕೆ ತಡೆಯುವುದಿಲ್ಲ, ಅಂಚಿನಲ್ಲಿ ಮೊದಲು ಸವೆದು ಕೆಳಗಿನ ಬಿಳಿ ಕಾಣತೊಡಗುತ್ತದೆ. ಚಿನ್ನದ ಬಣ್ಣವೇ ಬೇಕೆಂದರೆ ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ಟೈಟೇನಿಯಂ ನೈಟ್ರೈಡ್ ಕೂರಿಸಿದ್ದು ಒಳ್ಳೆಯದು, ಅಂಗಡಿಯವರು ಅದನ್ನು ಟೈಟೇನಿಯಂ ಗೋಲ್ಡ್ ಎನ್ನುತ್ತಾರೆ. ನಿರ್ವಾತ ಕೋಣೆಯಲ್ಲಿ ಕೂರಿಸುವ ಈ ಪದರದಲ್ಲಿ ಚಿನ್ನ ಇಲ್ಲ, ಆದರೆ ಗಡಸುತನ ಬಹಳ.

ಹಿತ್ತಾಳೆಯ ಸೊಬಗೇ ಬೇರೆ. ನನ್ನನ್ನು ಕೇಳಿದರೆ ದೇವರ ಹೆಸರಿಗೆ ಅದೇ ಸರಿ. ಆದರೆ ಅದರಲ್ಲಿ ಎರಡು ಬಗೆ, ಎರಡರ ಆರೈಕೆಯೂ ಬೇರೆ. ಮೇಲೆ ಪಾರದರ್ಶಕ ಲ್ಯಾಕರ್ ಹೊಡೆದಿದ್ದರೆ ಮೆತ್ತನೆ ಬಟ್ಟೆ, ನೀರು ಸಾಕು, ಹುಣಸೆಹಣ್ಣು ಮುಟ್ಟಿಸಲೇಬಾರದು. ಲ್ಯಾಕರ್ ಒಂದು ಕಡೆ ಹರಿದರೆ ಅಲ್ಲಿಂದ ಒಳಗೆ ಕಪ್ಪು ಹರಡುತ್ತದೆ. ಲ್ಯಾಕರ್ ಇಲ್ಲದ ಹಿತ್ತಾಳೆಯಾದರೆ ಮನೆಯ ದೀಪದ ಕಂಬವನ್ನು ಬೆಳಗುವ ಹಾಗೆಯೇ ಆಗಾಗ ಬೆಳಗಬೇಕು, ಹುಣಸೆ ರಸ ಗಾಡಿಯ ಬಣ್ಣಕ್ಕೆ ಇಳಿಯದಂತೆ ಸುತ್ತಲೂ ಟೇಪು ಹಚ್ಚಿಕೊಂಡು.

ಅನೋಡೈಸ್ ಮಾಡಿದ ಅಲ್ಯೂಮಿನಿಯಂ ಹಗುರ, ಬಣ್ಣವೂ ಹಲವು. ಆದರೆ ಅದರ ಮೇಲಿನ ಆಕ್ಸೈಡ್ ಪದರಕ್ಕೆ ಆಮ್ಲವೂ ಆಗದು, ಕ್ಷಾರವೂ ಆಗದು. ನಿಂಬೆರಸ ಆಮ್ಲ. ಅರಿಸಿನಕ್ಕೆ ಸುಣ್ಣ ಬೆರೆಸಿ ಕೆಂಪಾಗಿಸಿದ ಕುಂಕುಮ ಕ್ಷಾರ. ಒದ್ದೆ ಕುಂಕುಮ ಮೂರು ನಾಲ್ಕು ದಿನ ಹಾಗೇ ಉಳಿದರೆ ಕಲೆ ನಿಲ್ಲಬಹುದು. ವಾಟರ್ ಸರ್ವಿಸ್‌ನಲ್ಲಿ ಕ್ಷಾರದ ಸೋಪು ಹೊಡೆದರೂ ಅದೇ ಗತಿ. ಆಯುಧಪೂಜೆಗೆ ಕೈತುಂಬ ಕುಂಕುಮ ಹಚ್ಚುವ ಮನೆಗೆ ಇದು ಹೊಂದುವುದಿಲ್ಲ. ಮ್ಯಾಟ್ ಕಪ್ಪು ಈಗಿನ ಹುಡುಗರಿಗೆ ಇಷ್ಟ. ಒಲೆಯಲ್ಲಿ 180ರಿಂದ 200 ಡಿಗ್ರಿ ಶಾಖದಲ್ಲಿ ಬೇಯಿಸಿದ ಪೌಡರ್ ಕೋಟಿಂಗ್ ಗಟ್ಟಿಯಾಗಿ ಕೂರುತ್ತದೆ. ಮ್ಯಾಟಿನ ತರಿಯೊಳಗೆ ಅರಿಸಿನ ಸಿಕ್ಕಿಕೊಂಡರೆ ಮಾತ್ರ ಬೇಗ ಬಿಡದು, ಆದರೆ ಬಿಸಿಲಿಗೆ ಅದರ ಹಳದಿ ದಿನ ಕಳೆದಂತೆ ತಾನೇ ಮಾಸುತ್ತದೆ. ವಿಭೂತಿಯನ್ನು ಮಾತ್ರ ಯಾವ ಮೆರುಗಿನ ಮೇಲೂ ಒಣಗಿದ್ದಾಗ ಉಜ್ಜಬೇಡಿ, ಬೂದಿಯ ಕಣ ಗೀರುತ್ತದೆ. ಮೊದಲು ನೀರು ಬಿಟ್ಟು ಹರಿಸಿ.

ಕನ್ನಡದಲ್ಲಿ ಹೆಸರು ಮಾಡಿಸುವವರಿಗೆ ಇಂಗ್ಲಿಷ್ ಅಕ್ಷರದವರಿಗಿಲ್ಲದ ಒಂದು ತೊಡಕಿದೆ. ಲೇಪನದ ತೊಟ್ಟಿಯಲ್ಲಿ ವಿದ್ಯುತ್ತು ಚೂಪು ಅಂಚುಗಳಿಗೆ ಹೆಚ್ಚು ಹರಿಯುತ್ತದೆ, ತಗ್ಗಿಗೆ ಕಡಿಮೆ. ಕ್ರೋಮಿಯಂನಲ್ಲಂತೂ ಈ ತಾರತಮ್ಯ ಬಹಳ. ನಮ್ಮ ಅಕ್ಷರಗಳ ದುಂಡು ಹೊಟ್ಟೆಯೊಳಗೆ, ಒತ್ತಕ್ಷರದ ಸಂದಿಯಲ್ಲಿ ಕ್ರೋಮಿಯಂ ಸರಿಯಾಗಿ ಕೂರದೆ ನಿಕ್ಕಲ್‌ನ ಹಳದಿ ಛಾಯೆ ಇಣುಕುತ್ತದೆ. ‘ನಂಜುಂಡೇಶ್ವರ’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಎರಡು ಸೊನ್ನೆ ಬಿಡಿಯಾಗಿ ನಿಲ್ಲುತ್ತವೆ, ವಕಾರದ ಒತ್ತು ಕೆಳಗೆ ತೂಗುತ್ತದೆ. ಇವನ್ನೆಲ್ಲ ಹಿಡಿದಿಡಲು ಹಿಂದೆ ಒಂದು ಪಟ್ಟಿ ಬೇಕು. ಅಕ್ಷರವನ್ನು ತೀರಾ ತೆಳ್ಳಗೆ ಬರೆಸಿದರೆ ಗದ್ದೆ ಬದಿಯ ಕೆಸರು ಆ ಸಂದಿಗಳಲ್ಲೇ ಗಟ್ಟಿಯಾಗುತ್ತದೆ. ಕೊಂಚ ದಪ್ಪ ಗೆರೆಯ, ಒಳಗಿನ ಖಾಲಿ ಜಾಗ ಅಗಲವಿರುವ ಅಕ್ಷರವಿನ್ಯಾಸ ಆರಿಸಿ. ಬಿಳಿ ಕಾರಿನ ಮೇಲೆ ಕನ್ನಡಿ ಕ್ರೋಮ್ ಓದಲು ಬಾರದು, ಬೀದಿಯ ಪ್ರತಿಬಿಂಬದಲ್ಲಿ ಹೆಸರೇ ಕಳೆದುಹೋಗುತ್ತದೆ. ಅಲ್ಲಿಗೆ ಗೆರೆಯೆಳೆದ ಸ್ಟೀಲ್ ಅಥವಾ ಕಪ್ಪು ಚೆನ್ನ.

ನಂಬರ್ ಪ್ಲೇಟಿನ ಮೇಲೆ ಮಾತ್ರ ಯಾವ ಹೆಸರನ್ನೂ ಹಾಕಿಸಬೇಡಿ, ಕಾನೂನು ಒಪ್ಪುವುದಿಲ್ಲ. ಸಿಂಹಗಳಿರುವ ರಾಷ್ಟ್ರಲಾಂಛನದ ಬಳಕೆಗೂ 2005ರ ಕಾಯ್ದೆಯ ಕಟ್ಟುಪಾಡಿದೆ. ಅಂಚು ಚೂಪಾಗಿ ಮುಂದಕ್ಕೆ ಚಾಚುವ ಬ್ಯಾಡ್ಜ್ ದಾರಿಹೋಕರಿಗೆ ಗಾಯ ಮಾಡುತ್ತದೆ, ಅಂಚು ದುಂಡಗೆ ಮಾಡಿಸಿ.

ಕೊನೆಗೆ ಅಂಟಿಸುವ ವಿಷಯ. ಒಳ್ಳೆಯ ಡಬಲ್ ಟೇಪು ಅಂಟಿಸಿದ ಕೂಡಲೆ ಪೂರ್ತಿ ಹಿಡಿಯುವುದಿಲ್ಲ, ಅದಕ್ಕೆ ಸುಮಾರು 72 ಗಂಟೆ ಬೇಕು. ನಂಜನಗೂಡಿನಲ್ಲಿ ಪೂಜೆ ಮಾಡಿಸುವುದಿದ್ದರೆ ಬ್ಯಾಡ್ಜನ್ನು ಮೂರು ದಿನ ಮುಂಚೆಯೇ ಅಂಟಿಸಿ, ಅಲ್ಲಿಯವರೆಗೆ ಗಾಡಿ ತೊಳೆಸಬೇಡಿ.