ಕ್ರೀ ಮತ್ತು ಇನುಇಟ್ ಜನಾಂಗಗಳು: ಭಾಷಾಭೇದವೂ ಲಿಪಿಸಾಮ್ಯವೂ

ಲಿಪಿಯ ಸಾಮ್ಯವನ್ನು ಕಂಡೊಡನೆ ಭಾಷೆಗಳ ಬಾಂಧವ್ಯವನ್ನು ಊಹಿಸುವುದು ಸುಲಭ, ಆದರೆ ಯುಕ್ತವಲ್ಲ. ಇದಕ್ಕೆ ಕೆನಡಾ ದೇಶದ ಕ್ರೀ ಮತ್ತು ಇನುಇಟ್ ಜನಾಂಗಗಳ ಚರಿತ್ರೆಯು ಒಳ್ಳೆಯ ನಿದರ್ಶನವಾಗಿರುವುದು.

ಹಡ್ಸನ್ ಕೊಲ್ಲಿಯ ಪೂರ್ವತೀರದಲ್ಲಿ ಈ ಎರಡು ಜನಾಂಗಗಳೂ ನೆರೆಹೊರೆಯವು. ಮರಗಳು ಬೆಳೆಯುವ ಸೀಮೆ ಎಲ್ಲಿ ಮುಗಿಯುವುದೋ, ಸ್ಥೂಲವಾಗಿ ಅಲ್ಲಿಯೇ ಇವರ ನೆಲೆಗಳ ಎಲ್ಲೆ. ದಕ್ಷಿಣದ ಕಾಡುಗಳಲ್ಲಿ ಕ್ರೀ ಜನರು ಬೀವರ್, ಕ್ಯಾರಿಬು ಮೊದಲಾದ ಮೃಗಗಳನ್ನು ಬೇಟೆಯಾಡಿ, ಭೂರ್ಜದ ತೊಗಟೆಯ ದೋಣಿಗಳಲ್ಲಿ ನದಿಗಳನ್ನು ದಾಟುತ್ತಿದ್ದರು. ಉತ್ತರದ ಮರವಿಲ್ಲದ ಕರಾವಳಿಯಲ್ಲಿ ಇನುಇಟರಿಗೆ ಸೀಲ್, ವಾಲ್ರಸ್‌ಗಳೇ ಮುಖ್ಯ ಜೀವನಾಧಾರ. ಚರ್ಮ ಹೊದಿಸಿದ ಕಯಾಕ್ ಅವರ ದೋಣಿ. ಹದಿನೆಂಟನೆಯ ಶತಮಾನದಲ್ಲಿ, ವರ್ತಕರಿಂದ ಬಂದೂಕುಗಳನ್ನು ಪಡೆದ ಕ್ರೀ ಜನರು ಇನುಇಟರ ಮೇಲೆ ದಾಳಿ ಮಾಡಿದುದೂ ಉಂಟು.

ಕ್ರೀ ಭಾಷೆಯು ಆಲ್ಗೊಂಕ್ವಿಯನ್ ವರ್ಗಕ್ಕೆ ಸೇರಿದುದು. ಇನುಇಟರ ಇನುಕ್ಟಿಟುಟ್ ಎಸ್ಕಿಮೊ-ಅಲೂಟ್ ವರ್ಗದ್ದು. ಪ್ರತ್ಯಯಗಳು ಕೂಡಿ ಒಂದೇ ದೀರ್ಘಪದವು ಪೂರ್ಣವಾಕ್ಯದ ಅರ್ಥವನ್ನು ಕೊಡುವುದು ಎರಡರಲ್ಲಿಯೂ ಕಾಣುವುದಾದರೂ ವ್ಯಾಕರಣದ ತಿರುಳು ಬೇರೆ. ಕ್ರೀ ನಾಮಪದಗಳಲ್ಲಿ ಚೇತನ, ಅಚೇತನ ಎಂಬ ವಿಭಾಗವಿರುವುದು. ಇನುಕ್ಟಿಟುಟ್‌ನಲ್ಲಿ ಅಂತಹ ವಿಭಾಗವಿಲ್ಲ. ಆದರೆ ಸಂಸ್ಕೃತದಲ್ಲಿರುವಂತೆ ದ್ವಿವಚನವುಂಟು. 'ಇನುಇಟ್' ಎಂದರೆ 'ಜನರು'. ಇದರ ಏಕವಚನ 'ಇನುಕ್'. 'ಎಸ್ಕಿಮೊ' ಎಂಬುದು ಪರರಿಟ್ಟ ಹೆಸರು. 'ಹಸಿಮಾಂಸ ತಿನ್ನುವವರು' ಎಂದು ಇದಕ್ಕೆ ಹೇಳುತ್ತಿದ್ದ ಅರ್ಥವನ್ನು ಇಂದಿನ ಭಾಷಾಶಾಸ್ತ್ರಜ್ಞರಲ್ಲಿ ಅನೇಕರು ಒಪ್ಪುವುದಿಲ್ಲ. 'ಹಿಮಪಾದುಕೆಯನ್ನು ಹೆಣೆಯುವವರು' ಎಂಬುದೇ ಮೂಲಾರ್ಥವಾಗಿರಬಹುದೆಂದು ಅವರ ಮತ.

ಇಷ್ಟು ಭಿನ್ನವಾದ ಎರಡು ಭಾಷೆಗಳು ಒಂದೇ ಲಿಪಿಯನ್ನು ಪಡೆದವು. 1840ರಲ್ಲಿ ನಾರ್ವೆ ಹೌಸ್ ಎಂಬಲ್ಲಿ ಜೇಮ್ಸ್ ಇವಾನ್ಸ್ ಎಂಬ ಪಾದ್ರಿಯು ಕ್ರೀ ಭಾಷೆಗಾಗಿ ಈ ಅಕ್ಷರಮಾಲೆಯನ್ನು ಮುದ್ರಣಕ್ಕೆ ತಂದನು. ಕ್ರೀ ಜನರ ಐತಿಹ್ಯವಾದರೋ ಇದು ತಮ್ಮವರಿಗೇ ದೊರೆತ ದೈವದತ್ತ ವಿದ್ಯೆಯೆಂದು ಹೇಳುವುದು. ಕನ್ನಡದ ಕಾಗುಣಿತದಲ್ಲಿ ವ್ಯಂಜನಕ್ಕೆ ಸ್ವರಚಿಹ್ನೆ ಹತ್ತುವುದಷ್ಟೆ. ಇಲ್ಲಿ ಚಿಹ್ನೆ ಹತ್ತುವುದಿಲ್ಲ, ಅಕ್ಷರವೇ ತಿರುಗುವುದು. ಒಂದೇ ಆಕೃತಿಯು ನಾಲ್ಕು ದಿಕ್ಕುಗಳಿಗೆ ಮುಖಮಾಡಿ ಪೇ, ಪಿ, ಪೊ, ಪ ಎಂದಾಗುವುದು. ಇದರ ರಚನೆಯಲ್ಲಿ ಶೀಘ್ರಲಿಪಿಯ ಜೊತೆಗೆ ದೇವನಾಗರಿಯ ಪ್ರಭಾವವೂ ಇದೆಯೆಂದು ಕೆಲವು ವಿದ್ವಾಂಸರು ಅಭಿಪ್ರಾಯಪಡುವರು. ಮುಂದೆ ಹಾರ್ಡನ್, ವಾಟ್ಕಿನ್ಸ್ ಎಂಬ ಪಾದ್ರಿಗಳು ಇದನ್ನು ಇನುಕ್ಟಿಟುಟ್‌ಗೆ ಅಳವಡಿಸಿದರು. 1876ರಲ್ಲಿ ಹಡ್ಸನ್ ಕೊಲ್ಲಿಗೆ ಬಂದ ಎಡ್ಮಂಡ್ ಪೆಕ್ ಅದನ್ನು ಹರಡಿದನು. ಓದುಬರಹವನ್ನು ಜನರು ಪರಸ್ಪರ ಕಲಿಸಿಕೊಂಡರು.

ಹಗೆಯ ನೆನಪಿದ್ದರೂ ಆಪತ್ತಿನಲ್ಲಿ ಇಬ್ಬರೂ ಒಂದಾದರು. ಜೇಮ್ಸ್ ಕೊಲ್ಲಿಯ ನದಿಗಳಿಗೆ ಅಣೆಕಟ್ಟು ಕಟ್ಟುವ ಯೋಜನೆಯು 1971ರಲ್ಲಿ ಪ್ರಕಟವಾದಾಗ ಕೂಡಿಯೇ ನ್ಯಾಯಾಲಯಕ್ಕೆ ಹೋಗಿ, 1975ರ ನವೆಂಬರ್ 11ರಂದು ಸರಕಾರಗಳೊಡನೆ ಒಪ್ಪಂದ ಮಾಡಿಕೊಂಡರು. ಗ್ರೇಟ್ ವೇಲ್ ನದಿಯ ಮುಖದಲ್ಲಿ ಕ್ರೀ ಜನರ ವಾಪ್‌ಮಗೂಸ್ಟುಯಿ, ಇನುಇಟರ ಕೂಜುಆರಪಿಕ್ ಎಂಬ ಊರುಗಳು ಇಂದಿಗೂ ಒಂದಕ್ಕೊಂದು ತಾಗಿಕೊಂಡಿವೆ.

ಆದರೆ ಲಿಪಿಯ ಈ ಸಮಾನತೆ ಸ್ಥಿರವೆಂದು ಹೇಳಲಾಗದು. ಇನುಇಟರಲ್ಲಿ ಕೆಲವು ಪ್ರಾಂತಗಳವರು ಮೊದಲಿನಿಂದಲೂ ರೋಮನ್ ಅಕ್ಷರಗಳನ್ನೇ ಬಳಸುವರು. ಎಲ್ಲರಿಗೂ ಸಾಮಾನ್ಯವಾದ ರೋಮನ್ ಬರಹವೊಂದನ್ನು ಅವರ ರಾಷ್ಟ್ರೀಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿತು. ಲಿಪಿಯು ಭಾಷೆಯ ಉಡುಗೆ. ಉಡುಗೆಯಿಂದ ಕುಲವನ್ನು ನಿರ್ಣಯಿಸಲಾಗದು. ಆದರೂ ಅಜ್ಜಂದಿರ ಕಾಗದಗಳನ್ನು ಮೊಮ್ಮಕ್ಕಳು ಓದಬಲ್ಲರೇ ಎಂಬುದು ಆ ಉಡುಗೆಯನ್ನೇ ಅವಲಂಬಿಸಿರುವುದು.